ತಟ್ಟೆಯಲ್ಲಿಲ್ಲದ ಹಸಿರು

ಅತ್ತೆ ಕೂತಿದ್ದ ಬಸ್ಸು ಡಿಪೋ ಮುಂದೆ ಬಂದು ನಿಂತದ್ದೇ ತಡ, ಎದುರಿನ ಊಟದಂಗಡಿಯಲ್ಲಿ ಎಲ್ಲರಿಗೂ ಇದ್ದಕ್ಕಿದ್ದಂತೆ ಒಂದೊಂದು ಕೆಲಸ ನೆನಪಾಯಿತು. ಮಾವ ಗಲ್ಲಾಪೆಟ್ಟಿಗೆಯ ಹಿಂದೆ ಬಗ್ಗಿ, ಬಿದ್ದೇ ಇರದ ಚಿಲ್ಲರೆ ಹುಡುಕತೊಡಗಿದರು. ಗಂಡ ಆಗಷ್ಟೇ ಒರೆಸಿದ್ದ ಮೇಜನ್ನು ಇನ್ನೊಮ್ಮೆ ಒರೆಸಿದ. ಕಾಲೇಜಿಗೆ ಹೋಗುವ ನಾದಿನಿ ಮಾತ್ರ ಬಾಗಿಲಲ್ಲೇ ಬೀಡುಬಿಟ್ಟಿದ್ದಳು. ಬಾಯಿ ತೆರೆದರೆ ಸಿಡಿಯುವ ಹುಡುಗಿ ಎಂದು ಅವಳನ್ನು ಮನೆಯಲ್ಲಿ ಕರೆಯುವುದೇ ಪಟಾಕಿ ಎಂದು.

"ಅಮ್ಮ ಇಳಿದ್ಲು. ಚೀಲಾನ ಕಂಡಕ್ಟರ್ ಕೈಲಿ ಇಳಿಸ್ಕೊಂಡ್ಲು. ರಸ್ತೆ ದಾಟ್ತಾ ಇದಾಳೆ. ಅತ್ಗೇ, ನಿಂತ್ಬಿಟ್ಲು! ನಡುರಸ್ತೆಲೇ ನಿಂತ್ಬಿಟ್ಲು! ಲಾರಿಯವನು ಹಾರ್ನ್ ಹೊಡೀತಾನೇ ಇದಾನೆ, ಅವಳಿಗೆ ಕೇಳಿಸ್ತಾನೇ ಇಲ್ಲ!"

ಒಳಗೆ ಸೊಸೆ, ಉಗುರಿನ ಸಂದಿಯಲ್ಲಿ ಕೂತಿದ್ದ ಕಿತ್ತಳೆ ಬಣ್ಣವನ್ನು ಮಸಿಬಟ್ಟೆಯಿಂದ ಉಜ್ಜುತ್ತ ನಿಂತಿದ್ದಳು. ಹೆದರಿಕೆ ಅರ್ಧ. ಇನ್ನರ್ಧ ಏನೆಂದು ಕೇಳಿದರೆ ಹೇಳಲು ನಾಚಿಕೆ. ಒಳ್ಳೆಯದೋ ಕೆಟ್ಟದೋ, ತಾನು ಬರೆದದ್ದನ್ನು ನೋಡಿ ಒಬ್ಬರು ನಡುರಸ್ತೆಯಲ್ಲಿ ನಿಂತರಲ್ಲ!

ನಡೆದದ್ದು ಇಷ್ಟು. ಅತ್ತೆಯ ಅಕ್ಕ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಿದ್ದರು. ಅವರ ಆರೈಕೆಗೆಂದು ಅತ್ತೆ ಹೋಗಿದ್ದರು. ಅದೇ ಹೊತ್ತಿಗೆ ಪಕ್ಕದ ತಿರುವಿನಲ್ಲಿ ಹೊಸ ಊಟದಂಗಡಿಯೊಂದು ತೆರೆದು, ಮಿರಮಿರ ಮಿಂಚುವ ಫೋಟೋಗಳ ದೊಡ್ಡ ಬೋರ್ಡು ಹಾಕಿತು. ಡಿಪೋದ ಗಿರಾಕಿಗಳ ಕಾಲು ಆ ಕಡೆಗೇ ಎಳೆಯತೊಡಗಿತು. ಮಾವ ಒಂದು ಮಧ್ಯಾಹ್ನ ಖಾಲಿ ಬೆಂಚುಗಳನ್ನು ನೋಡಿ ನೋಡಿ, ಸೊಸೆಯನ್ನು ಹೊರಗೆ ಕರೆದು ಅಂಗಡಿಯ ಪಕ್ಕದ ಬೋಳುಗೋಡೆಯನ್ನು ತೋರಿಸಿದರು.

"ಗೋಡೆ ಸುಮ್ನಿದೆ. ನಿನ್ನ ಕೈನೂ ಸುಮ್ನಿದೆ. ಅವಳು ಬರೋದ್ರೊಳಗೆ ಮುಗಿಸ್ಬಿಡು. ಆಮೇಲೆ ನಾನಿದೀನಿ."

ಸೊಸೆಯ ಅಪ್ಪ ಅಂಗಡಿ ಬೋರ್ಡು ಬರೆಯುವವರು. ಮೊದಲು ಅವರ ಏಣಿ ಹಿಡಿದು, ಆಮೇಲೆ ಏಣಿ ಹತ್ತಿ, ಅವಳು ಬೆಳೆದದ್ದೇ ಬಣ್ಣದ ಡಬ್ಬಗಳ ನಡುವೆ. ಅಚ್ಚಿನ ಬೋರ್ಡುಗಳು ಬಂದು ಅಪ್ಪನ ಕುಂಚಗಳು ಒಣಗಿದವು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳ ಕೈಗೆ ಸಿಕ್ಕಿದ್ದು ಚಾಕು. ಈರುಳ್ಳಿ ಹೆಚ್ಚುವಾಗಲೂ ಅದರೊಳಗಿನ ನೇರಳೆ ಉಂಗುರಗಳನ್ನು ನೋಡುತ್ತ ಮೈಮರೆಯುವಳು. ಅತ್ತೆ "ಅದೇನು ಕನ್ನಡೀನಾ, ಮುಖ ನೋಡ್ಕೊಳ್ಳೋಕೆ?" ಎಂದು ತಿವಿಯುವರು. ಅಂಥವಳಿಗೆ ಮಾವ ಒಂದಿಡೀ ಗೋಡೆಯನ್ನೇ ಕೊಟ್ಟರೆ!

ಆಳೆತ್ತರದ ತಟ್ಟೆ ಬರೆದಳು. ಅದರಲ್ಲಿ ಅನ್ನ, ಮಡಿಸಿದ ರೊಟ್ಟಿ, ಕಾಳಿನ ಸಾರಿನ ಬಟ್ಟಲು, ನಡುವೆ ಅತ್ತೆಯ ಹೆಸರುವಾಸಿ ಸಿಹಿ ಕುಂಬಳಕಾಯಿ ಪಲ್ಯ. ಅಪ್ಪ ಹೇಳಿಕೊಟ್ಟದ್ದೆಲ್ಲ ಕೈಗೆ ತಾನಾಗಿ ಬಂತು. ತಿನ್ನುವ ಪದಾರ್ಥಕ್ಕೆ ಅದರದ್ದೇ ಬಣ್ಣ ಹಾಕಿದರೆ ರಸ್ತೆಯಾಚೆಯಿಂದ ಕೆಸರಿನ ಹಾಗೆ ಕಾಣುತ್ತದೆ. ತಳಪದರಕ್ಕೆ ಕೆಂಪು ಬಳಿಯಬೇಕು, ನೆರಳಿಗೆ ನೀಲಿ ಬೆರೆಸಬೇಕು, ಒದ್ದೆ ಇರುವಲ್ಲಿ ಒಂದು ಬಿಳಿ ಚುಕ್ಕೆ ಇಡಬೇಕು. ಎಲ್ಲ ಮುಗಿದ ಮೇಲೆ ಏಣಿಯಿಂದಿಳಿದು ದೂರ ನಿಂತು ನೋಡಿದಳು. ಕಿತ್ತಳೆ ಹೆಚ್ಚಾಗಿ ಕಣ್ಣು ದಣಿಯುತ್ತಿತ್ತು. ಮತ್ತೆ ಹತ್ತಿ, ಕುಂಬಳಕಾಯಿಯ ಮೇಲೆ ಹಸಿರು ಕುಂಚವನ್ನು ಒಂದೇ ಏಟಿಗೆ ಎಳೆದಳು. ಒಂದು ತುದಿ ಅಗಲ, ಇನ್ನೊಂದು ಸಪೂರ, ಕೊನೆಯಲ್ಲಿ ಸಣ್ಣ ಸುರುಳಿ. ಗೋಡೆಗೆ ಜೀವ ಬಂದಿತು.

ಆ ಗೋಡೆಯ ಮುಂದೆ ಈಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಯಾರು ಮಾಡಿದ್ದಿದು?"

ಸೊಸೆಯೂ ಮಾವನೂ ಹೊರಗೆ ಬಂದರು. "ನಾನಿದೀನಿ" ಎಂದವರು ಈಗ ಸೊಸೆಯ ಬೆನ್ನ ಹಿಂದಿದ್ದರು. "ನೋಡೇ, ಎಷ್ಟು ಲಕ್ಷಣವಾಗಿದೆ..."

"ನಿಮ್ಮನ್ನ ಕೇಳ್ಲಿಲ್ಲ. ಇದು ನನ್ನ ಕುಂಬಳಕಾಯೇನಮ್ಮಾ?"

"ಹೂಂ ಅತ್ತೆ."

"ಅದರ ಮೇಲೆ ಆ ಹಸಿರು ಏನು?"

"ಅದು... ಬಣ್ಣ ಅತ್ತೆ."

"ಬಣ್ಣ ಅಂತ ನಂಗೂ ಕಾಣುತ್ತೆ, ಕಣ್ಣೇನು ಹೋಗಿಲ್ಲ. ತಿನ್ನೋದಾದ್ರೆ ಏನದು? ಸೊಪ್ಪಾ? ಮೆಣಸಿನಕಾಯಾ?"

"ಏನೂ ಅಲ್ಲ ಅತ್ತೆ. ಸುಮ್ನೆ, ಕಣ್ಣಿಗೆ."

"ಕಣ್ಣಿಗೆ!" ಅತ್ತೆ ಆ ಮಾತನ್ನು ನಾಲಿಗೆಯ ಮೇಲಿಟ್ಟು ಉಗುಳಿದರು. "ನನ್ನ ಅಡುಗೆಲಿ ಬಾಯಿಗೆ ಅಂತ ಹಾಕ್ತೀನಿ, ಹೊಟ್ಟೆಗೆ ಅಂತ ಹಾಕ್ತೀನಿ. ಕಣ್ಣಿಗೆ ಅಂತ ಹಾಕೋಕೆ ಇದೇನು ಕಾಡಿಗೆನಾ? ಇಲ್ಲದ್ದನ್ನ ಇದೆ ಅಂತ ತೋರಿಸೋದಕ್ಕೆ ಮೋಸ ಅಂತಾರೆ. ಇಷ್ಟು ವರ್ಷದಲ್ಲಿ ಈ ಅಂಗಡಿಲಿ ಯಾರೂ ಆ ಮಾತು ಆಡಿಲ್ಲ. ಡಿಪೋ ಕಾಂಪೌಂಡಿಗೆ ಸುಣ್ಣ ಹೊಡೀತಿದಾನಲ್ಲ, ನಡುರಸ್ತೆಯಿಂದ್ಲೇ ವಾಪಸ್ ಹೋಗಿ ಅವನಿಗೆ ಹೇಳಿ ಬಂದಿದೀನಿ. ಅದು ಮುಗಿದ ತಕ್ಷಣ ಇಲ್ಲಿಗೆ ಬರ್ತಾನೆ."

ರಸ್ತೆ ದಾಟುವಷ್ಟರಲ್ಲೇ ಅತ್ತೆ ಗೋಡೆಯ ಹಣೆಬರಹ ಬರೆದಾಗಿತ್ತು.

ಸೊಸೆ ಡಿಪೋ ಕಡೆ ನೋಡಿದಳು. ಉದ್ದನೆಯ ಕಾಂಪೌಂಡಿನ ಆ ತುದಿಯಲ್ಲಿ ಸುಣ್ಣದವನು ಏಣಿ ನಿಲ್ಲಿಸಿಕೊಂಡಿದ್ದ. ಬಿಳಿ ಅಲ್ಲಿಂದ ಇತ್ತ ಹೊರಟಿತ್ತು. ಅದು ಇಲ್ಲಿಗೆ ಬಂದು ಮುಟ್ಟಿದರೆ ಕುಂಚಗಳು ಮತ್ತೆ ಮಂಚದಡಿಯ ತಗಡಿನ ಡಬ್ಬಿಗೆ. ಈ ಸಲ ಅವು ಹೊರಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮರುದಿನದಿಂದಲೇ ಇನ್ನೊಂದು ಪೇಚು ಶುರುವಾಯಿತು. ಮೊದಲು ಕೇಳಿದವರು ಗಿರಿಜಾಮೀಸೆಯ ಬಸ್ ಡ್ರೈವರ್. ಹೊಸ ಅಂಗಡಿಗೆ ಹೋಗಿದ್ದವರು ಹಾಗೇ ವಾಪಸು ಬಂದಿದ್ದರು.

"ಗೋಡೆ ಮೇಲಿರೋದನ್ನ ಕೊಡಪ್ಪ," ಎಂದು ಕೂತರು. ಗಂಡ ತಟ್ಟೆ ತಂದಿಟ್ಟ. ಡ್ರೈವರ್ ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿದರು. "ಹಸಿರು ಎಲ್ಲಿ?"

"ಅದು... ಖಾಲಿಯಾಯ್ತು ಸಾರ್."

"ಬೆಳಿಗ್ಗೆ ಬೆಳಿಗ್ಗೇನೇ?"

ಪಕ್ಕದ ಮೇಜಿನ ಮೆಕ್ಯಾನಿಕ್ ಬಾಯಿ ಹಾಕಿದ. "ನಂಗೂ ನಿನ್ನೆ ಹಾಕ್ಲಿಲ್ಲ. ಅದು ಸೌತೆಕಾಯಿ ಸಿಪ್ಪೆ ತಾನೆ?"

"ಸಿಪ್ಪೆ ಯಾರಾದ್ರೂ ಹಾಕ್ತಾರೇನಯ್ಯ? ಹುರಿದ ಮೆಣಸಿನಕಾಯಿ ಅದು."

"ನಂಗೇನೋ ಹಲ್ಲಿ ಬಾಲ ಕಂಡ ಹಾಗಾಯ್ತು," ಎಂದ ಮೂರನೆಯವನು, ಬೆಂಚೆಲ್ಲ ಗೊಳ್ಳೆಂದಿತು. ಡ್ರೈವರ್ ನಗಲಿಲ್ಲ. "ತೋರಿಸೋದೊಂದು, ಬಡಿಸೋದೊಂದು. ಇದು ಆ ಕಡೆ ಅಂಗಡೀಲಿ ಇದ್ದದ್ದೇ. ಇಲ್ಲೂ ಶುರುವಾಯ್ತಾ?" ಎಂದು ಉಂಡು ಎದ್ದರು.

ಆ ಮಾತು ಅಡುಗೆಮನೆಯ ಕಿಂಡಿಯಿಂದ ನೇರ ಅತ್ತೆಯ ಕಿವಿಗೆ ಬಿತ್ತು. ಸೌಟು ಪಾತ್ರೆಯ ಅಂಚಿಗೆ ಠಣ್ಣೆಂದು ಬಡಿಯಿತು.

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಮನೆಮಂದಿ ಒಳಗೆ ಊಟಕ್ಕೆ ಕೂತರು. ಎಲ್ಲರ ಕಣ್ಣೂ ಅವರವರ ತಟ್ಟೆಯಲ್ಲಿತ್ತು. ಪಟಾಕಿಗೆ ಅಷ್ಟು ಹೊತ್ತು ಬಾಯಿ ಕಟ್ಟಿಕೊಳ್ಳುವುದೇ ಒಂದು ಶಿಕ್ಷೆ.

"ಅಮ್ಮ, ಒಂದ್ಮಾತು. ಇವತ್ತು ಬೆಂಚು ತುಂಬಿತ್ತು."

"ತುಂಬಿದ್ದು ಬಯ್ಯೋಕೆ."

"ಬಯ್ದ್ರೂ ಉಂಡ್ರಲ್ಲ! ಆ ಹಸಿರನ್ನ ನಾವೇ ತಂದು ಹಾಕಿದ್ರೆ ಮುಗೀತಪ್ಪ."

"ಯಾವುದನ್ನ ತರ್ತೀಯೇ? ನಿಮ್ಮ ಅತ್ಗೆಗೇ ಗೊತ್ತಿಲ್ಲ ಅದೇನು ಅಂತ! ಹೆತ್ತವಳಿಗೇ ಮಗು ಗಂಡೋ ಹೆಣ್ಣೋ ಗೊತ್ತಿಲ್ಲ!"

ಗಂಡ ಪಕ್ಕನೆ ನಕ್ಕು, ಹೆಂಡತಿಯ ಮುಖ ನೋಡಿ ನಗುವನ್ನು ನುಂಗಿಕೊಂಡ.

"ನೀನೇನಾದ್ರೂ ಹೇಳೋ," ಎಂದರು ಅತ್ತೆ ಅವನಿಗೆ.

"ನನ್ನ ಬಿಟ್ಬಿಡಮ್ಮ. ನಾನು ಗೋಡೆನೂ ಅಲ್ಲ, ತಟ್ಟೆನೂ ಅಲ್ಲ. ತಂದಿಡೋನು."

ಸೊಸೆ ತಲೆ ತಗ್ಗಿಸಿಯೇ ಹೇಳಿದಳು. "ನಾನು ಮೋಸ ಮಾಡ್ಬೇಕು ಅಂತ ಹಾಕಿದ್ದಲ್ಲ ಅತ್ತೆ. ನೀವು ಕೊನೇಲಿ ಒಂದು ಚಿಟಿಕೆ ಉಪ್ಪು ಉದುರಿಸ್ತೀರಲ್ಲ, ಹಾಗೆ ಅದು."

"ಉಪ್ಪನ್ನ ತಿಂತಾರಮ್ಮ!" ಎಂದು ಅತ್ತೆ ಎದ್ದು ಕೈ ತೊಳೆದರು.

ಮಾವನಿಗೆ ಮಾತ್ರ ಮಗಳ ಮಾತು ತಲೆಗೆ ಹೊಕ್ಕಿತ್ತು. ಮಾರನೆಯ ದಿನ ಅಪ್ಪ ಮಗಳು ಇಬ್ಬರೂ ಮಾರುಕಟ್ಟೆಗೆ ಹೋಗಿ, ಹಸಿರೆಂದು ಕಂಡದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದರು. ಅಡುಗೆಮನೆಯ ನೆಲದ ಮೇಲೆ ಸುರಿದರೆ ಒಂದು ಸಣ್ಣ ತೋಟವೇ ಆಯಿತು. "ಹಸು ಕಟ್ಟಿದೀರಾ ಮನೇಲಿ?" ಎಂದು ಅತ್ತೆ ಮೂಗು ಮುರಿದರು. ಆದರೆ ಅಡುಗೆ ಮಾಡುವ ಕೈ ಎಷ್ಟು ಹೊತ್ತು ಸುಮ್ಮನಿದ್ದೀತು? ಯಾರೂ ನೋಡುತ್ತಿಲ್ಲ ಎಂದುಕೊಂಡು ಒಂದು ಚೂರು ಕುಂಬಳಕಾಯಿಯ ಮೇಲೆ ಒಂದು ಎಲೆ ಇಟ್ಟು ಬಾಯಿಗೆ ಹಾಕಿಕೊಂಡರು. ಸೊಸೆ ತರಕಾರಿ ಬುಟ್ಟಿಯ ಹಿಂದಿನಿಂದ ನೋಡುತ್ತಿದ್ದಳು.

"ಕಹಿ," ಎಂದರು ಅತ್ತೆ ತಮ್ಮಷ್ಟಕ್ಕೆ. ಇನ್ನೊಂದು. "ಇದು ಸಿಹಿನ ಕೊಂದೇಬಿಡ್ತು." ಮತ್ತೊಂದನ್ನು ಬಾಣಲೆಗೆ ಹಾಕಿದರೆ ಸುಟ್ಟ ಬತ್ತಿಯ ಹಾಗೆ ಕಪ್ಪಾಗಿ ಮುದುಡಿತು. ಹಸಿಮೆಣಸಿನಕಾಯಿ ಇಟ್ಟುಕೊಟ್ಟ ತಟ್ಟೆಯಲ್ಲಿ ಉಂಡ ಮೆಕ್ಯಾನಿಕ್ ಕಣ್ಣು ಮೂಗಲ್ಲೆಲ್ಲ ನೀರಿಳಿಸಿ ಗೋಡೆಗೆ ಕೈಮುಗಿದು ಹೋದ. ಒಂದು ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಬಾಡಿ ಕಸದ ಬುಟ್ಟಿ ಸೇರಿತು. ಹೊರಗೆ ಬಿಳಿ, ಡಿಪೋದ ಗೇಟು ದಾಟಿ ಈಚೆ ಬಂದಿತ್ತು.

ಅತ್ತೆ ಸೋಲು ಒಪ್ಪುವವರಲ್ಲ. ಸೋಲಿಗೆ ಇನ್ನೊಬ್ಬರನ್ನು ಹೊಣೆ ಮಾಡುವವರು. ಬೆಳಿಗ್ಗೆ ತಿಂಡಿಯ ಗಡಿಬಿಡಿಯ ನಡುವೆಯೇ ಹೇಳಿದರು, "ಸುಣ್ಣದವನು ಬರೋವರೆಗೂ ಈ ಮಾತು ಕೇಳ್ತಾ ಕೂರೋಕಾಗಲ್ಲ. ಹೋಗು, ಆ ಹಸಿರನ್ನ ಕೆರೆದು ಹಾಕು. ಉಳಿದದ್ದು ಹೇಗಿದ್ಯೋ ಹಾಗಿರ್ಲಿ."

ಸೊಸೆ ಬ್ಲೇಡು ಹಿಡಿದು ಏಣಿ ಹತ್ತಿದಳು. ಎಳೆಯುವಾಗ ಒಂದೇ ಏಟಿಗೆ ಬಂದದ್ದು ಕೆರೆಯುವಾಗ ಚೂರು ಚೂರಾಗಿ ಉದುರಿತು. ಅಲ್ಲಿಗೆ ಕಿತ್ತಳೆ ತುಂಬಿ, ಇಳಿದು ಬಂದು ಬೆನ್ನು ಮಾಡಿ ನಿಂತಳು. ಅವಳಿಗೆ ನೋಡುವ ಮನಸ್ಸಿರಲಿಲ್ಲ.

ನೋಡಿದವರು ಅತ್ತೆ. ಕೈಯಲ್ಲಿ ತರಕಾರಿ ತೊಳೆದ ನೀರಿನ ಬಕೆಟ್ಟಿತ್ತು, ಚೆಲ್ಲಲೆಂದು ಬಂದವರು ಹಾಗೇ ನಿಂತರು.

"ಅಯ್ಯೋ, ಇದೇನೇ ಇದು? ಕುಂಬಳಕಾಯಿ ಏನ್ ಮಾಡ್ದೆ?"

"ಅದನ್ನ ಮುಟ್ಟೇ ಇಲ್ಲ ಅತ್ತೆ. ಹಸಿರು ಮಾತ್ರ ತೆಗ್ದೆ."

"ಸುಳ್ಳು ಹೇಳ್ಬೇಡ. ಸತ್ತು ಬಿದ್ದ ಹಾಗಿದೆ. ನಿನ್ನೆ ಹಸಿವಾಗ್ತಿತ್ತು ಇದನ್ನ ನೋಡಿದ್ರೆ."

ಅಂದುಬಿಟ್ಟ ಮೇಲೆ ಅತ್ತೆಗೇ ತಾವು ಅಂದದ್ದು ಕೇಳಿಸಿತು. ನೀರನ್ನು ಚೆಲ್ಲದೆಯೇ ಬಕೆಟ್ಟು ಹೊತ್ತು ಒಳಗೆ ಹೋದರು. ಸೊಸೆ ಹಿಂದೆಯೇ ಹೋದಳು. ಅತ್ತೆ ಒಂದು ತಟ್ಟೆಗೆ ಕುಂಬಳಕಾಯಿ ಬಡಿಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೈ ಚಾಚಿ ದೂರ ಮಾಡಿ ನೋಡುತ್ತಿದ್ದರು. ಅಡುಗೆಯನ್ನು ಅವರು ಮೂಸಿದ್ದುಂಟು, ರುಚಿ ನೋಡಿದ್ದುಂಟು, ಕುದಿಯುವ ಸದ್ದು ಕೇಳಿ ಉರಿ ತಗ್ಗಿಸಿದ್ದುಂಟು. ಹೀಗೆ ನೋಡಿದ್ದನ್ನು ಯಾರೂ ಕಂಡಿರಲಿಲ್ಲ.

"ಇಷ್ಟು ವರ್ಷ ಇದನ್ನೇ ಬಡಿಸಿದ್ನಾ?" ಎಂದರು ಮೆಲ್ಲನೆ.

ಸೊಸೆ ಕಣ್ಣು ತಪ್ಪಿಸಲೆಂದು ಮೂಲಂಗಿ ಹೆಚ್ಚಲು ಕೂತಳು. ತಲೆ ಕತ್ತರಿಸಿ ಸೊಪ್ಪನ್ನು ಕಸದ ಬುಟ್ಟಿಗೆ ಎಸೆಯುವುದು, ಗಡ್ಡೆಯನ್ನು ಈ ಕಡೆಗೆ ಹಾಕುವುದು, ದಿನವೂ ಮಾಡುವ ಕೆಲಸ. ಎಸೆದ ಒಂದು ಎಳೆಯ ಎಲೆ ಬುಟ್ಟಿಯ ಅಂಚಿಗೆ ತಗಲಿಕೊಂಡು ನಿಂತಿತು. ಒಂದು ತುದಿ ಅಗಲ, ಇನ್ನೊಂದು ಸಪೂರ. ಅವಳ ಕೈಯ ಚಾಕು ಅಲ್ಲೇ ನಿಂತಿತು. ಎದ್ದು ಆ ಎಲೆಯನ್ನು ತೊಳೆದು, ಅತ್ತೆಯ ತಟ್ಟೆಯ ಅಂಚಿನಲ್ಲಿಟ್ಟಳು.

"ಕಸಾನ ತಟ್ಟೆಗೆ ಹಾಕ್ತೀಯಾ?"

"ಒಂದ್ಸಲ ನೋಡಿ ಅತ್ತೆ. ನೋಡಿ ಅಷ್ಟೇ. ತಿನ್ನೋದು ಬೇಡ."

ಅತ್ತೆ ನೋಡಿದರು. ತಟ್ಟೆಯನ್ನು ಹತ್ತಿರ ತಂದರು, ದೂರ ಮಾಡಿದರು. ಎಲೆಯ ಒಂದು ತುಣುಕು ಮುರಿದು ಜಗಿದರು. ಹುಬ್ಬು ಮೇಲೆ ಹೋಯಿತು. "ಖಾರ ಇದೆ. ಹದವಾದ ಖಾರ." ಮರುಕ್ಷಣ ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಎಲೆ ಬಿದ್ದದ್ದೇ ಚುಂಯ್ಯೆಂದು ಸದ್ದು ಮಾಡಿ ತಿರುಚಿಕೊಂಡಿತು. ಕಪ್ಪಾಗುವ ಮುನ್ನವೇ ಅತ್ತೆ ಜಾಲರಿಯಲ್ಲಿ ಎತ್ತಿದರು. ಹಸಿರು ಹಸಿರಾಗೇ ಉಳಿದಿತ್ತು. ತುದಿಯಲ್ಲಿ ಸಣ್ಣ ಸುರುಳಿ!

"ಅತ್ತೇ!" ಎಂದು ಸೊಸೆ ಕಿರುಚಿದ್ದು ಹೊರಗಿನ ಬೆಂಚಿಗೂ ಕೇಳಿಸಿತು. ಮಾವ, ಗಂಡ, ಪಟಾಕಿ ಮೂವರೂ ಬಾಗಿಲಲ್ಲಿ ಜಮಾಯಿಸಿದರು.

"ಯಾರು ಬಿದ್ರು?"

"ಯಾರೂ ಬಿದ್ದಿಲ್ಲ, ತಿನ್ನಿ," ಎಂದು ಅತ್ತೆ ಎಲ್ಲರ ಬಾಯಿಗೂ ಒಂದೊಂದು ತುತ್ತು ತುರುಕಿದರು. ಮೊದಲು ಎಲೆ ಕರುಮ್ಮೆಂದಿತು, ಆಮೇಲೆ ಖಾರ, ಅದರ ಬೆನ್ನಿಗೆ ಕುಂಬಳದ ಸಿಹಿ. ಪಟಾಕಿಯೂ ಮಾತಾಡಲಿಲ್ಲ. ಅತ್ತೆಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ.

ಮಧ್ಯಾಹ್ನ ಬುಟ್ಟಿಗಟ್ಟಲೆ ಎಲೆ ಕರಿದಿಟ್ಟುಕೊಂಡು ಗಿರಾಕಿಗಳಿಗೆ ಕಾದರು. ಡ್ರೈವರ್ ಬಂದರು. ಗಂಡ ತಟ್ಟೆಯನ್ನು ಮದುವಣಗಿತ್ತಿಯ ಹಾಗೆ ಜೋಪಾನವಾಗಿ ತಂದಿಟ್ಟ. ಕಿಂಡಿಯಲ್ಲಿ ಅತ್ತೆ ಸೊಸೆ ಇಬ್ಬರ ತಲೆಗಳೂ ಒಂದಕ್ಕೊಂದು ತಾಗಿಕೊಂಡಿದ್ದವು. ಡ್ರೈವರ್ ತಟ್ಟೆ ನೋಡಿದರು. ಎದ್ದು ಹೊರಗೆ ಹೋಗಿ ಗೋಡೆ ನೋಡಿದರು. ವಾಪಸು ಬಂದು ಮತ್ತೆ ತಟ್ಟೆ ನೋಡಿದರು.

"ಏನ್ರಪ್ಪ ನಿಮ್ಮ ಕಥೆ? ಗೋಡೇಲಿದ್ದಾಗ ತಟ್ಟೇಲಿರ್ಲಿಲ್ಲ. ಈಗ ತಟ್ಟೇಲಿದೆ, ಗೋಡೇಲಿಲ್ಲ! ನಮ್ಮನ್ನೇನು ಆಟ ಆಡಿಸ್ತಿದೀರಾ?"

ಬೆಳಿಗ್ಗೆ ಕೆರೆದು ಹಾಕಿದ್ದು ಎಲೆಯ ಸಂಭ್ರಮದಲ್ಲಿ ಮನೆಯಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಗಂಡ ಕಕ್ಕಾಬಿಕ್ಕಿಯಾದ. ಮಾವ ಮತ್ತೆ ಗಲ್ಲಾಪೆಟ್ಟಿಗೆಯಡಿ ಚಿಲ್ಲರೆ ಹುಡುಕಲು ಬಗ್ಗಿದರು. ಕಿಂಡಿಯಾಚೆ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆಯ ಭುಜ ಕುಲುಕುವುದನ್ನು ನೋಡಿ ಅಳುತ್ತಿದ್ದಾರೆಂದೇ ಭಾವಿಸಿದಳು. ಅತ್ತೆ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ, ಒಲೆಯ ಕಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಉಣ್ಣಿ ಸ್ವಾಮೀ," ಎಂದು ಕಿಂಡಿಯಿಂದ ತಲೆ ಹೊರಹಾಕಿದರು. "ತಟ್ಟೇದು ನನ್ನ ಜವಾಬ್ದಾರಿ. ಗೋಡೇದು ನನ್ನ ಸೊಸೇದು. ಸ್ವಲ್ಪ ಹಿಂದೆ ಮುಂದೆ ಆಯ್ತು."

ಡ್ರೈವರ್ ಉಂಡರು. ಇನ್ನೊಂದು ತಟ್ಟೆ ಹಾಕಿಸಿಕೊಂಡರು. ಎರಡನೆಯ ಸಲ ಎಲೆಯನ್ನು ಮೊದಲು ತಿನ್ನದೆ ಕೊನೆಗೆ ಉಳಿಸಿಕೊಂಡರು.

ಸುಣ್ಣದವನು ಬಂದದ್ದು ಆ ವಾರದ ಕೊನೆಗೆ, ಮೈಕೈಯೆಲ್ಲ ಬಿಳಿ ಮಾಡಿಕೊಂಡು. ಬಕೆಟ್ಟು ಇಳಿಸಿ, ಏಣಿಯನ್ನು ಗೋಡೆಗೆ ಆನಿಸಿ, ಬ್ರಷ್ಷನ್ನು ಅದ್ದಿಯೂಬಿಟ್ಟಿದ್ದ. ಸೊಸೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಅತ್ತೆ ನಕ್ಕಿದ್ದರು, "ನನ್ನ ಸೊಸೆ" ಎಂದಿದ್ದರು, ಆದರೆ ಸುಣ್ಣ ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕೇಳುವ ಧೈರ್ಯ ಅವಳಿಗೂ ಬಂದಿರಲಿಲ್ಲ.

"ಅಮ್ಮಾ, ಈ ಗೋಡೆ ತಾನೆ?" ಎಂದು ಸುಣ್ಣದವನು ಕೂಗಿದ.

ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಏಣಿ ಅಲ್ಲೇ ಇರ್ಲಿ. ನೀನು ಇಳಿ."

"ಇನ್ನೂ ಹತ್ತೇ ಇಲ್ಲಮ್ಮ."

"ಹಾಗಾದ್ರೆ ಒಳಗೆ ಹೋಗಿ ಕೂತ್ಕೊ, ಊಟ ಹಾಕ್ತಾರೆ. ಏಣಿ ನಮ್ಮ ಹುಡುಗಿಗೆ ಬೇಕು." ಸೊಸೆಯ ಕಡೆ ತಿರುಗಿದರು. "ನೋಡ್ತಾ ನಿಂತಿದೀಯಲ್ಲ, ಕುಂಚ ಎಲ್ಲಿ? ಎಲೆ ಕರಿದು ತರ್ತೀನಿ. ಈ ಸಲ ನೋಡ್ಕೊಂಡು ಬರಿ, ನಿನ್ನ ಇಷ್ಟ ಬಂದ ಹಾಗಲ್ಲ."

ಸೊಸೆ ಕೋಣೆಗೆ ಓಡಿದ ರಭಸಕ್ಕೆ ಮಂಚದಡಿಯ ಡಬ್ಬಿ ಎಳೆಯುವಾಗ ತಲೆ ತಾಗಿತು. ನೋವೂ ಗೊತ್ತಾಗಲಿಲ್ಲ. ಅಂದು ಮಧ್ಯಾಹ್ನವಿಡೀ ಏಣಿಯ ಮೇಲೆ ಒಬ್ಬಳು, ಏಣಿಯ ಬುಡದಲ್ಲಿ ತಟ್ಟೆ ಹಿಡಿದು ಒಬ್ಬರು. "ಇನ್ನೂ ಸ್ವಲ್ಪ ಎಳೇದಾಗ್ಲಿ!" "ನರ ಕಾಣ್ಲಿ!" "ಅಲ್ಲಿ ಎಣ್ಣೆ ಹೊಳೀಬೇಕು ಕಣೇ!" ಎಂದು ಅತ್ತೆ ಕೆಳಗಿಂದ ಕೂಗುವುದು, "ಹೊಳೆಯುತ್ತೆ, ತಡೀರಿ ಅತ್ತೆ, ಒಣಗ್ಬೇಕು!" ಎಂದು ಸೊಸೆ ಮೇಲಿಂದ ಕೂಗುವುದು. ಬಸ್ಸುಗಳು ಗೋಡೆಯ ಮುಂದೆ ನಿಧಾನಿಸಿಕೊಂಡೇ ಡಿಪೋ ಸೇರಿದವು. ಕೈಯಲ್ಲಿದ್ದ ಎಲೆ ಮೆತ್ತಗಾಗುತ್ತಲೇ ಅತ್ತೆ ಓಡಿಹೋಗಿ ಹೊಸದು ಕರಿದು ತರುತ್ತಿದ್ದರು. ಹಳತನ್ನು ಸುಣ್ಣದವನು ತಿಂದ.

ಆಮೇಲೊಂದು ದಿನ, ಬೆಳಗಿನ ಗದ್ದಲ ಮುಗಿದು ಮಧ್ಯಾಹ್ನದ್ದು ಇನ್ನೂ ಶುರುವಾಗದ ಹೊತ್ತು. ಸೊಸೆ ಈರುಳ್ಳಿ ಸುಲಿಯುತ್ತಿದ್ದಳು. ಅತ್ತೆ ಕಾಳಿನ ಸಾರಿನ ಬಟ್ಟಲು ತಂದು ಅವಳ ಮುಂದೆ ನೆಲದ ಮೇಲಿಟ್ಟು, ಎದುರಿಗೆ ಮಣೆ ಎಳೆದು ಕೂತರು. ಏನೋ ಕೇಳಬೇಕು, ಕೇಳಲು ಬಿಗುಮಾನ, ಹಾಗಿತ್ತು ಮುಖ.

"ರುಚಿ ನೋಡ್ಲಾ ಅತ್ತೆ?"

"ರುಚಿ ನಂಗೊತ್ತು. ಅದಕ್ಕೇನೂ ಆಗಿಲ್ಲ." ಅತ್ತೆ ಬಟ್ಟಲನ್ನು ಬೆರಳಿನಿಂದ ಒಂದಿಷ್ಟು ಮುಂದೆ ತಳ್ಳಿದರು. "ನೋಡಿ ಹೇಳು. ಇದ್ರಲ್ಲೇನು ಕಮ್ಮಿ?"

ಸೊಸೆ ಚಾಕು ಕೆಳಗಿಟ್ಟಳು. ಬಟ್ಟಲನ್ನು ಬೆಳಕಿಗೆ ತಿರುಗಿಸಿದಳು. ಕಂದು, ಅದರೊಳಗೆ ಇನ್ನೊಂದು ಕಂದು, ಮೇಲೆ ತೆಳ್ಳನೆಯ ಹಳದಿ ಎಣ್ಣೆ. ಹಸಿರೇ? ಅಲ್ಲ. ಕೆಂಪು? ಊಹೂಂ. ಬಟ್ಟಲನ್ನು ಇನ್ನೊಮ್ಮೆ ತಿರುಗಿಸಿದಳು. ಯಾವ ಗೋಡೆಯ ಮುಂದೆಯೂ ಇಷ್ಟು ಅಳುಕಿರಲಿಲ್ಲ.

"ಕಪ್ಪು," ಎಂದಳು.

"ಕಪ್ಪಾ?"

"ಅಲ್ಲಲ್ಲಿ ಒಂಚೂರು ಕಪ್ಪು ಬೇಕು ಅತ್ತೆ. ಆಗ ಉಳಿದದ್ದೆಲ್ಲ ಎದ್ದು ಕಾಣುತ್ತೆ."

ಅತ್ತೆ ಬಟ್ಟಲನ್ನೇ ದಿಟ್ಟಿಸುತ್ತ ಕೂತರು. ಅವರ ಪಾತ್ರೆಗೆ ತಳ ಹತ್ತಿದ್ದಿಲ್ಲ, ಒಗ್ಗರಣೆ ಸೀದದ್ದಿಲ್ಲ. ಅದು ಅವರ ಹೆಮ್ಮೆ, ಬೀದಿಗೆಲ್ಲ ಗೊತ್ತಿದ್ದ ಹೆಮ್ಮೆ. ಎದ್ದು, ಸೊಸೆ ಸುಲಿದಿಟ್ಟಿದ್ದ ಒಂದು ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದರು. ಒಲೆ ಹಚ್ಚಿದರು. ಬಾಣಲೆ ಇಡಲಿಲ್ಲ. ಹೋಳನ್ನು ಇಕ್ಕಳದಲ್ಲಿ ಹಿಡಿದು ನೇರ ಉರಿಯ ಮೇಲೆ ಚಾಚಿದರು.

ಮೊದಲು ಘಮ ಬಂತು, ಆಮೇಲೆ ಹೊಗೆ. ಹೊರಗೆ ಬೆಂಚು ಸರಿದ ಸದ್ದಾಯಿತು. ಮಾವನ ಗಾಬರಿಯ ದನಿ ಕೇಳಿತು: "ಏನೋ ಸೀದ ವಾಸನೆ! ನಮ್ಮ ಮನೇದೇನಾ?" ಗಂಡ ನೀರಿನ ತಂಬಿಗೆ ಹಿಡಿದುಕೊಂಡೇ ನುಗ್ಗಿದ. ಅವನ ಹಿಂದೆ ಪಟಾಕಿ, "ಅಮ್ಮಾ, ಹತ್ಕೊಂಡಿದೆ ನೋಡೇ! ಸೀದು ಹೋಗ್ತಿದೆ!" ಎಂದು ಬೊಬ್ಬೆ ಹೊಡೆಯುತ್ತ.

"ಸುಮ್ನಿರಿ," ಎಂದರು ಅತ್ತೆ, ಉರಿಯಿಂದ ಕಣ್ಣು ಕೀಳದೆ. "ಸೀದು ಹೋಗ್ತಿಲ್ಲ, ನಾನೇ ಸೀಯಿಸ್ತಿದೀನಿ." ಈರುಳ್ಳಿಯ ಅಂಚು ಕಪ್ಪಾಗುತ್ತ ಬಂದಿತ್ತು. ತಿರುಗಿ ನೋಡದೆಯೇ ಸೊಸೆಯನ್ನು ಕೇಳಿದರು, "ಸಾಕೇನೇ? ಇಷ್ಟು ಸಾಕಾ?"

"ಇನ್ನೂ ಸ್ವಲ್ಪ ಅತ್ತೆ," ಎಂದಳು ಸೊಸೆ, ಅವರ ಭುಜದ ಮೇಲಿಂದ ಇಣುಕಿ. "ಇನ್ನೂ ಸ್ವಲ್ಪ."